ಲೆಕ್ಕ ಬರೆದವರೇ ಆಡಿಟ್ ಮಾಡಿದರೆ ಹೇಗೆ?

ಮೂರು ವರ್ಷದ ಹಿಂದಿನ ಮಾತು. ಗಡಿಭಾಗದ ಒಂದು ಪೊಲೀಸ್ ಠಾಣೆಗೆ ಸುದ್ದಿಗೆಂದು ಹೋಗಿದ್ದೆ. ಬಾವಿಯ ಮೋಟರ್ ಕಳುವಾದ ಸಂಶಯದ ಮೇಲೆ ತಂದಿದ್ದ ಕನ್ನಡ ಮಾತಿನ ಹುಡುಗನೊಬ್ಬ ಗೋಡೆ ಹಿಡಿದು ನಡೆಯುತ್ತಿದ್ದ. ನೋಡಿದೆ, ಕೇಳಲಿಲ್ಲ. ಕೊಟ್ಟ ಪ್ರೆಸ್‌ನೋಟ್ ತಂದು 'ಮೋಟರ್ ಕಳ್ಳನ ಬಂಧನ' ಅಂತ ನಾಲ್ಕು ಸಾಲು ಕಳಿಸಿದೆ. ತಿಂಗಳಾದ ಮೇಲೆ ಜಾಮೀನಿನ ಮೇಲೆ ಹೊರಬಂದ ಹುಡುಗ ಅಪ್ಪನ ಜೊತೆ ಮನೆಗೇ ಬಂದ. "ಅಂಗಾಲಿಗೆ ಹೊಡದಾರ್ರಿ ಸರ್. ಮರಾಠಿಯೊಳಗ ಒಂದು ಅರ್ಜಿ ಬರದು ಕೊಡ್ರಿ" ಅಂದ ಅಪ್ಪ.

ಬರೆದುಕೊಟ್ಟೆ. ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಹೋಯಿತು. ಆಯೋಗ ವರದಿ ಕೇಳಿತು. ಯಾರನ್ನ? ಅದೇ ಜಿಲ್ಲೆಯ ಪೊಲೀಸರನ್ನ. 'ಆರೋಪದಲ್ಲಿ ತಥ್ಯವಿಲ್ಲ' ಅಂತ ವರದಿ ಬಂತು, ಫೈಲು ಮುಚ್ಚಿತು. ಹುಡುಗನನ್ನು ಒಂದು ಮಾತು ಕೇಳಿದವರಿಲ್ಲ.

ನಾನು ಓದಿದ್ದು ಬಿ.ಕಾಂ. ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲೊಂದು: ಲೆಕ್ಕ ಬರೆದವನು ಆಡಿಟ್ ಮಾಡಬಾರದು. ಊರಿನ ಸೊಸಾಯಿಟಿಗೂ ಹೊರಗಿನ ಆಡಿಟರ್ ಬರುತ್ತಾನೆ. ಮನುಷ್ಯನ ಮೈಮೇಲಿನ ಪೆಟ್ಟಿನ ಲೆಕ್ಕಕ್ಕೆ ಮಾತ್ರ ಈ ನಿಯಮ ಯಾಕಿಲ್ಲ?

ಆಯೋಗದ ಕೈ ಕಟ್ಟಿದೆ ಎನ್ನುವಂತಿಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಸರಕಾರದಿಂದ ವರದಿ ತರಿಸಿಕೊಳ್ಳಲು ಹೇಳುತ್ತದೆ, ನಿಜ. ಆದರೆ ವರದಿಯಿಂದ ಸಮಾಧಾನ ಆಗದಿದ್ದರೆ ತಾನೇ ವಿಚಾರಣೆ ಮಾಡುವ ಅಧಿಕಾರವೂ ಅದಕ್ಕಿದೆ. ಜೈಲಿಗೆ ಭೇಟಿ ಕೊಡುವ ಮೊದಲು ರಾಜ್ಯ ಸರಕಾರಕ್ಕೆ ತಿಳಿಸಬೇಕೆಂಬ ಷರತ್ತನ್ನು 2006ರ ತಿದ್ದುಪಡಿ ತೆಗೆದುಹಾಕಿದೆ. ಅಧಿಕಾರ ಇದೆ, ಬಳಕೆ ಕಡಿಮೆ. ರಾಷ್ಟ್ರೀಯ ಆಯೋಗದ ತನಿಖಾ ವಿಭಾಗದಲ್ಲೂ ಪೊಲೀಸ್ ಅಧಿಕಾರಿಗಳೇ ಇದ್ದಾರೆ. ಇಂಥ ಸಂಸ್ಥೆಗಳ ಜಾಗತಿಕ ಒಕ್ಕೂಟ 2023 ಮತ್ತು 2024ರಲ್ಲಿ ನಮ್ಮ ಆಯೋಗದ ಮಾನ್ಯತೆ ನವೀಕರಣ ಮುಂದೂಡಿದ ಕಾರಣಗಳಲ್ಲಿ ಇದೂ ಒಂದು.

ಸತ್ತರೆ ಸುದ್ದಿಯಾಗುತ್ತದೆ. ಕಸ್ಟಡಿಯಲ್ಲಿ ಸಾವಾದರೆ 24 ತಾಸಿನೊಳಗೆ ತಿಳಿಸಬೇಕೆಂದು ರಾಷ್ಟ್ರೀಯ ಆಯೋಗ 1993ರಲ್ಲೇ ಸೂಚಿಸಿದೆ. ಆದರೂ 2017ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಸಾಂಗಲಿಯಲ್ಲಿ ಏನಾಯಿತು? ಹಿಡಿದು ತಂದ ಯುವಕ ಓಡಿಹೋದ ಎಂದರು. ಶವವನ್ನು ಆಂಬೋಲಿಗೆ ಒಯ್ದು ಸುಟ್ಟದ್ದು ಬಯಲಾಗಿ ಪಿಎಸ್‌ಐ ಸೇರಿ ಪೊಲೀಸರೇ ಬಂಧನವಾದರು. 2024ರ ಡಿಸೆಂಬರ್‌ನಲ್ಲಿ ಪರಭಣಿಯಲ್ಲಿ ಕಾನೂನು ವಿದ್ಯಾರ್ಥಿಯೊಬ್ಬ ನ್ಯಾಯಾಂಗ ಬಂಧನದಲ್ಲಿ ಸತ್ತ. ಎಫ್‌ಐಆರ್ ದಾಖಲಿಸಿ ಎಂಬ ಆದೇಶ ಸಿಗಲು ತಾಯಿ ಹೈಕೋರ್ಟಿನ ಔರಂಗಾಬಾದ್ ಪೀಠದ ತನಕ ಹೋಗಬೇಕಾಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಆ ಆದೇಶ ಎತ್ತಿಹಿಡಿಯಿತು. ಸತ್ತವರ ಪಾಡೇ ಹೀಗಾದರೆ ಕುಂಟುತ್ತ ಮನೆಗೆ ಬಂದವನ ಮಾತು ಯಾರು ಕೇಳಬೇಕು?

ಕಳ್ಳರು ಸುಳ್ಳು ದೂರು ಕೊಡುತ್ತಾರೆ ಎಂದು ಪೊಲೀಸರು ಹೇಳುತ್ತಾರೆ. ಕೊಡುವವರು ಇದ್ದಾರು. ಹಾಗಿದ್ದರೆ ಹೊರಗಿನವರ ತಪಾಸಣೆ ಇನ್ನೂ ಬೇಕು. ತಪ್ಪು ಮಾಡದ ಜಮಾದಾರನ ಹೆಸರು ಉಳಿಯುವುದೂ ಅದರಿಂದಲೇ.

ಇಲ್ಲಿ ವೇಳೆಯೇ ಮುಖ್ಯ. ಬಾವು ವಾರದಲ್ಲಿ ಇಳಿಯುತ್ತದೆ, ಟಪಾಲು ತಿಂಗಳು ಹಿಡಿಯುತ್ತದೆ. 1996ರ ಡಿ.ಕೆ. ಬಸು ತೀರ್ಪಿನಂತೆ ಬಂಧಿತನನ್ನು 48 ತಾಸಿಗೊಮ್ಮೆ ಡಾಕ್ಟರ್ ನೋಡಬೇಕು. ಬಂಧನದ ನಂತರದ ವೈದ್ಯಕೀಯ ವರದಿಯ ಪ್ರತಿ ಕೇಳಿ ಪಡೆಯುವ ಹಕ್ಕು ಅವನಿಗಿದೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲಿ ಸಿಸಿಟಿವಿ ಇರಲಿ, ಚಿತ್ರಣ 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಉಳಿಯಲಿ ಎಂದಿತು. ಹಲ್ಲೆಯ ದೂರು ಬಂದರೆ ಆಯೋಗ ಅದನ್ನು ತಕ್ಷಣ ತರಿಸಿಕೊಳ್ಳಬಹುದು ಎಂದೂ ಹೇಳಿತು. ನಾನು ಬರೆದ ಅರ್ಜಿಗೆ ಇವೆರಡು ಕಾಗದ ತರಿಸಿದ್ದರೆ ಸಾಕಿತ್ತು. ಕ್ಯಾಮೆರಾ ಕೆಟ್ಟಿತ್ತು ಅಂದರೆ ಅದನ್ನೂ ಬರೆದುಕೊಂಡು ಯಾಕೆ ಅಂತ ಕೇಳಬೇಕಿತ್ತು.

ಇನ್ನು ಭಾಷೆ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ "ಕಾಯ್ ತಕ್ರಾರ್ ಆಹೇ ಕಾ?" ಎಂದು ಮರಾಠಿಯಲ್ಲಿ ಕೇಳಿದರಂತೆ. ಹುಡುಗನಿಗೆ ಅರ್ಧ ತಿಳಿಯಿತು, ಹಿಂದೆ ಪೊಲೀಸರು ನಿಂತಿದ್ದರು, ತಲೆ ಅಲ್ಲಾಡಿಸಿದ. 'ತಕ್ರಾರು ಇಲ್ಲ' ಎಂದು ದಾಖಲಾಯಿತು. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕೋರ್ಟುಗಳಲ್ಲಿ ಕನ್ನಡ ಬಲ್ಲ ಒಬ್ಬ ದುಭಾಷಿ ಇದ್ದರೆ ಇದು ತಪ್ಪುತ್ತದೆ.

ನಮ್ಮ ಜನ ತಿಳಿದಿರಲಿ: ರಾಷ್ಟ್ರೀಯ ಆಯೋಗಕ್ಕೆ ಕನ್ನಡದಲ್ಲೇ ದೂರು ಬರೆಯಬಹುದು, ಶುಲ್ಕವಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು. ದೂರಿನಲ್ಲೇ ವೈದ್ಯಕೀಯ ವರದಿ, ಸಿಸಿಟಿವಿ ತರಿಸಿಕೊಳ್ಳಿ ಎಂದು ಸ್ಪಷ್ಟವಾಗಿ ಕೇಳಿ. ಆಯೋಗಕ್ಕೆ ನಮ್ಮದು ಒಂದೇ ಬೇಡಿಕೆ: ಪೊಲೀಸ್ ವರದಿ ತರಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದನ್ನು ನಂಬುವ ಮೊದಲು ಪೆಟ್ಟು ತಿಂದವನನ್ನೂ ಒಮ್ಮೆ ಕರೆದು ಕೇಳಿ.

ನನಗೂ ಒಂದು ಪಾಠ. ಈಗ ಠಾಣೆಗೆ ಹೋದರೆ ಪ್ರೆಸ್‌ನೋಟ್ ಜೊತೆ "ಡಾಕ್ಟರಿಗೆ ತೋರಿಸೀರೇನ್ರಿ ಸಾಹೇಬರ?" ಅಂತ ಕೇಳಿಯೇ ಬರುತ್ತೇನೆ. ಅಂದು ಕೇಳಿದ್ದರೆ ಆ ಹುಡುಗನ ಕಡೆಗೆ ಒಂದು ಸಾಕ್ಷಿಯಾದರೂ ಇರುತ್ತಿತ್ತು.