ಲಕೋಟೆಯೊಳಗಿನ ಭತ್ತ

ಸೆಪ್ಟೆಂಬರ್ 8 ಕಳೆದ ಮರುದಿನ ಅಮ್ಮ ಲಕೋಟೆ ಹುಡುಕಲು ತೊಡಗುತ್ತಿದ್ದರು. ಮುಂಬಯಿಯಲ್ಲಿದ್ದ ಚಿಕ್ಕಪ್ಪನ ಮನೆಗೊಂದು, ಕುವೈತ್‌ನಲ್ಲಿದ್ದ ಅಣ್ಣನಿಗೊಂದು. ಒಳಗೆ ಕಾಗದದ ಚೂರಿನಲ್ಲಿ ಮಡಿಚಿಟ್ಟ ಭತ್ತದ ಕಾಳು. ಆ ಮನೆಯಲ್ಲಿ ಎಷ್ಟು ಜನವೋ ಅಷ್ಟೇ ಕಾಳು, ಎಣಿಸಿ. ಹೊಸದಾಗಿ ಮಗು ಹುಟ್ಟಿದ್ದರೆ ಅದಕ್ಕೂ ಒಂದು. ಅಂಟು ಹಚ್ಚಿದ ಮೇಲೆ ಲಕೋಟೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು.

ಸೆಪ್ಟೆಂಬರ್ 8 ಎಂದರೆ ಕರಾವಳಿಯ ಕೊಂಕಣಿ ಕೆಥೊಲಿಕರ ಮೊಂತಿ ಫೆಸ್ತ್. ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಇಗರ್ಜಿಗೆ, ಅಂದರೆ ಚರ್ಚಿಗೆ, ಹೂ ಒಯ್ಯುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ತೆನೆ ಮನೆಮನೆಗೆ ಬರುತ್ತದೆ. ಮನೆಯ ಹಿರಿಯರು ಪ್ರಾರ್ಥಿಸಿ, ಕಾಳು ಸುಲಿದು, ಅರೆದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮನೆಗಳಲ್ಲಿ ಅಂದು ಬರೀ ತರಕಾರಿ: ಹೀರೆ, ಬೆಂಡೆ, ಅಲಸಂಡೆ, ಹರಿವೆ, ಕೆಸು. ದೊಡ್ಡ ಬಂಗಲೆಯಲ್ಲೂ ಹಂಚಿನ ಮನೆಯಲ್ಲೂ ಒಬ್ಬರ ಪಾಲಿಗೆ ಬರುವುದು ಒಂದು ಚಮಚ ಹಾಲು, ಅದರಲ್ಲಿ ಕಣ್ಣಿಗೂ ಕಾಣದಷ್ಟು ಹೊಸ ಅಕ್ಕಿ. ದುಡ್ಡು ಕೊಟ್ಟು ಹೆಚ್ಚು ಕೇಳುವಂತಿಲ್ಲ.

ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದ ಈ ಹಬ್ಬವನ್ನು ಆರಂಭಿಸಿದರು ಎಂಬುದು ನಮ್ಮಲ್ಲಿ ನಡೆದುಬಂದ ಮಾತು. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಈ ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮನೆ ಹೋಯಿತು, ಗದ್ದೆ ಹೋಯಿತು, ಎಷ್ಟೋ ಇಗರ್ಜಿಗಳು ನೆಲಸಮವಾದವು. ಎಷ್ಟೋ ಜನ ಅಲ್ಲೇ ಸತ್ತರು. ಆ ಕಾಲದ ರಾಜಕೀಯದ ಚರ್ಚೆಗೆ ಇಲ್ಲಿ ಕೈ ಹಾಕುವುದಿಲ್ಲ. ನನಗೆ ಮುಖ್ಯವಾದುದು ಇಷ್ಟೆ: 1799ರಲ್ಲಿ ಟಿಪ್ಪುವಿನ ಆಳ್ವಿಕೆ ಮುಗಿದ ನಂತರ ಬದುಕಿ ಉಳಿದವರು ಊರಿಗೆ ಮರಳಿದಾಗ ಕೈಯಲ್ಲಿ ಏನೂ ಇರಲಿಲ್ಲ, ಆದರೆ ಹಬ್ಬ ಇತ್ತು. ಗದ್ದೆಯನ್ನು ಕಿತ್ತುಕೊಳ್ಳಬಹುದು, ತೆನೆಯ ಮೇಲಿನ ಪ್ರಾರ್ಥನೆಯನ್ನು ಹೇಗೆ ಕಿತ್ತುಕೊಳ್ಳುವುದು?

ಇದನ್ನು ಈಗ ಬರೆಯಲು ಕಾರಣವಿದೆ. ಈಚೆಗೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ದೇವರು ಕೊಟ್ಟದ್ದಕ್ಕೆ ಸಾಕ್ಷಿ ಹೇಳಲು ನಿಂತವರಲ್ಲಿ ಒಬ್ಬರಿಗೆ ಕಾರು ಬಂದಿತ್ತು, ಇನ್ನೊಬ್ಬರಿಗೆ ಸೈಟು, ಮತ್ತೊಬ್ಬರ ಮಗಳಿಗೆ ಕೆನಡಾ ವೀಸಾ. ಪ್ರತಿಯೊಂದಕ್ಕೂ ಚಪ್ಪಾಳೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನ ಮಗನ ವೀಸಾ ಎರಡು ಬಾರಿ ತಿರಸ್ಕೃತವಾಗಿತ್ತು. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಅವರು ಕೇಳಿದರು, ‘‘ನಮ್ಮ ಪ್ರಾರ್ಥನೆಯಲ್ಲಿ ಏನಾದರೂ ಕೊರತೆಯಾಗಿರಬಹುದಾ?’’ ಆ ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ಸಿಕ್ಕಿದ್ದಕ್ಕೆ ದೇವರಿಗೆ ವಂದನೆ ಹೇಳುವುದು ಸರಿಯೇ. ಸಿಕ್ಕಿದ್ದನ್ನೇ ಆಶೀರ್ವಾದದ ಅಳತೆಗೋಲು ಮಾಡಿದರೆ ಸಿಗದವರೆಲ್ಲ ಶಾಪಗ್ರಸ್ತರು ಎಂದಾಗುತ್ತದೆ. ಲೂಕನ ಸುವಾರ್ತೆಯ ಹನ್ನೆರಡನೇ ಅಧ್ಯಾಯದಲ್ಲಿ ಕಣಜ ಒಡೆದು ಇನ್ನೂ ದೊಡ್ಡದು ಕಟ್ಟಲು ಹೊರಟ ಧನಿಕನಿಗೂ ಬೆಳೆ ಚೆನ್ನಾಗಿಯೇ ಬಂದಿತ್ತು. ಅವನು ಸಾಕ್ಷಿ ಹೇಳಿದ್ದರೆ ಎಲ್ಲರಿಗಿಂತ ದೊಡ್ಡ ಚಪ್ಪಾಳೆ ಅವನಿಗೇ ಬೀಳುತ್ತಿತ್ತು.

ನಮ್ಮ ಮನೆಗಳಲ್ಲಿ ರಾತ್ರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳುತ್ತಿದ್ದರು. ಬೆಸಾಂವ್ ಎಂದರೆ ಆಶೀರ್ವಾದ. ಕೊಡುವವರ ಜೇಬು ಖಾಲಿ ಇದ್ದ ದಿನವೂ ಅದು ಸಿಗುತ್ತಿತ್ತು.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಇದನ್ನೆಲ್ಲ ಹೊಟ್ಟೆಗಿಲ್ಲದವರ ಎದುರು ಹೇಳಬಾರದು. ಉಡಲು ಬಟ್ಟೆ, ಉಣ್ಣಲು ಅನ್ನ ಇಲ್ಲದವರಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸುವುದನ್ನು ಯಾಕೋಬನ ಪತ್ರವೇ ಖಂಡಿಸುತ್ತದೆ. ನಾನು ಹೇಳುತ್ತಿರುವುದು ನಮ್ಮಂಥವರಿಗೆ, ಎರಡನೇ ಕಾರಿನ ಕಂತು ಕಟ್ಟುತ್ತಿರುವವರಿಗೆ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ಅಣ್ಣನ ಸುದ್ದಿಯೇ ಇಲ್ಲ. ಆ ವರ್ಷವೂ ಅಮ್ಮ ಹಬ್ಬ ಮಾಡಿದರು, ಅವನ ಪಾಲಿನ ಕಾಳು ಎತ್ತಿಟ್ಟರು, ಲಕೋಟೆಯ ಮೇಲೆ ಕುವೈತ್‌ನ ವಿಳಾಸ ಬರೆಸಿದರು. ಕಳಿಸುವ ದಾರಿ ಇರಲಿಲ್ಲ. ಲಕೋಟೆ ಮನೆಯ ದೇವರ ಪೀಠವಾದ ಅಲ್ತಾರಿನ ಮೇಲೆ, ಮರಿಯಮ್ಮನವರ ಪ್ರತಿಮೆಯ ಪಕ್ಕ ಕುಳಿತಿತು.

ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ತಂದವಲ್ಲ, ಅಂಥದೊಂದರಲ್ಲಿ ಅವನೂ ಬಂದ. ಸೆಪ್ಟೆಂಬರ್ ಕೊನೆಯ ಒಂದು ಮುಂಜಾನೆ, ಹೆಗಲಲ್ಲಿ ಒಂದೇ ಚೀಲ. ಎಂಟು ವರ್ಷದ ದುಡಿಮೆ, ಬ್ಯಾಂಕಿನ ದುಡ್ಡು, ಸಾಮಾನು ಎಲ್ಲ ಅಲ್ಲೇ ಬಿಟ್ಟಿದ್ದ. ಅಮ್ಮ ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಲಕೋಟೆ ತಂದು ಅವನ ಕೈಗಿಟ್ಟರು. ಅವನು ತನ್ನದೇ ವಿಳಾಸವನ್ನು ಒಮ್ಮೆ ಓದಿ, ಅಂಚು ಹರಿದು, ಭತ್ತದ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ಕಾಳನ್ನು ಬಾಯಿಗೆ ಹಾಕಿಕೊಂಡ. ತುಂಬ ಹೊತ್ತು ಜಗಿಯುತ್ತ ಕುಳಿತಿದ್ದ.