ಫ್ಯಾನು ಕೊಳ್ಳುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು

ಎಲೆಕ್ಟ್ರಿಕಲ್ ಅಂಗಡಿಗೆ ಸೀಲಿಂಗ್ ಫ್ಯಾನು ಕೊಳ್ಳಲು ಹೋದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ, ಕೊನೆಗೆ ಗ್ಯಾರಂಟಿ ಎಷ್ಟು ವರ್ಷ ಅನ್ನುತ್ತಾರೆ. ಎಷ್ಟು ವ್ಯಾಟ್ ಎಂದು ಕೇಳುವವರು ತೀರಾ ಕಡಿಮೆ. ಆದರೆ ಫ್ಯಾನಿನ ಆಯುಸ್ಸಿನುದ್ದಕ್ಕೂ ನಾವು ತೆರುವ ಹಣದಲ್ಲಿ ದೊಡ್ಡ ಪಾಲು ಅಂಗಡಿಯವನಿಗೆ ಹೋಗುವುದಿಲ್ಲ, ಕರೆಂಟ್ ಬಿಲ್ಲಿಗೆ ಹೋಗುತ್ತದೆ.

ಸುಮ್ಮನೆ ಲೆಕ್ಕ ಹಾಕಿ ನೋಡಿ. ನಮ್ಮ ಬಹುಪಾಲು ಮನೆಗಳಲ್ಲಿ ತೂಗುತ್ತಿರುವ ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ರಾಯಚೂರಿನ ಬಿಸಿಲಿಗೆ ಅದು ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿತು ಅನ್ನಿ: 270 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 1,620 ರೂಪಾಯಿ. ಫ್ಯಾನಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟು. ಅಂದರೆ ಪ್ರತಿ ವರ್ಷವೂ ಒಂದೊಂದು ಫ್ಯಾನು ಕೊಂಡ ಹಾಗೆ.

ಇದು ಗೊತ್ತಾದ ಮೇಲೂ ಜನ ಅಗ್ಗದ ಫ್ಯಾನನ್ನೇ ಏಕೆ ತರುತ್ತಾರೆ? ಅವರಿಗೆ ಲೆಕ್ಕ ಬರುವುದಿಲ್ಲ ಎಂದು ದೂರುವುದು ಅನ್ಯಾಯ. ಬಾಡಿಗೆ ಮನೆಯಲ್ಲಿ ಫ್ಯಾನು ಹಾಕಿಸುವವರು ಮಾಲೀಕರು, ಬಿಲ್ಲು ಕಟ್ಟುವವರು ಬಾಡಿಗೆದಾರರು. ಹೊಸ ಫ್ಲ್ಯಾಟಿನಲ್ಲಿ ಕೊಳ್ಳುವವನು ಬಿಲ್ಡರ್, ಆಮೇಲೆ ಅವನಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೈಯಲ್ಲಿ 1,500 ರೂಪಾಯಿ ಇಟ್ಟುಕೊಂಡು ಬಂದವರಿಗೆ ಮುಂದಿನ ಮೂರು ವರ್ಷದ ಉಳಿತಾಯ ತೋರಿಸಿದರೂ ಪ್ರಯೋಜನವಿಲ್ಲ. ಕನಿಷ್ಠ ಮಾನದಂಡ ಎಂಬ ಕಾನೂನು ಬೇಕಾಗುವುದು ಇಲ್ಲಿಯೇ: ಅತಿ ಹೆಚ್ಚು ಕರೆಂಟ್ ತಿನ್ನುವ ಸಾಮಾನು ಅಂಗಡಿಗೇ ಬಾರದಂತೆ ನೋಡಿಕೊಂಡರೆ ಯಾರು ಕೊಂಡರೂ, ಯಾರು ಕಟ್ಟಿದರೂ ನಷ್ಟವಿಲ್ಲ.

2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹುಟ್ಟಿದ ಇಂಧನ ದಕ್ಷತಾ ಸಂಸ್ಥೆ (ಬಿಇಇ) 2006ರಲ್ಲಿ, ಸಾಮಾನು ಎಷ್ಟು ಕರೆಂಟ್ ಉಳಿಸುತ್ತದೆಂದು ತೋರಿಸುವ ಸ್ಟಾರ್ ಚೀಟಿ ತಂದಿತು. ಫ್ರಾಸ್ಟ್-ಫ್ರೀ ಫ್ರಿಜ್ಜು, ಎಸಿಗಳಿಗೆ 2010ರಲ್ಲಿ ಅದು ಕಡ್ಡಾಯವಾಯಿತು; ಅಂದರೆ ಒಂದು ಸ್ಟಾರಾದರೂ ಇಲ್ಲದ್ದನ್ನು ಮಾರುವಂತಿಲ್ಲ. ಬಡವರ ಮನೆಯಲ್ಲೂ ಇರುವ ಫ್ಯಾನಿನ ಸರದಿ ಬಂದದ್ದು ಮಾತ್ರ 2023ರ ಜನವರಿ 1ಕ್ಕೆ! ಈ ತಡ ನಮಗೆ ಬಹಳ ದುಬಾರಿಯಾಯಿತು. 2023ರ ನಿಯಮದಂತೆ ಸಾಮಾನ್ಯ ಅಳತೆಯ ಒಂದು ಸ್ಟಾರ್ ಫ್ಯಾನು ಪ್ರತಿ ವ್ಯಾಟ್‌ಗೆ ನಿಮಿಷಕ್ಕೆ ಕನಿಷ್ಠ 4 ಘನ ಮೀಟರ್ ಗಾಳಿ ಕೊಡಬೇಕು, ಐದು ಸ್ಟಾರಿನದು 6. ಸಾಮಾನ್ಯ ಫ್ಯಾನು ಕೊಡುವ ಗಾಳಿಗೆ ಲೆಕ್ಕ ಬಿಡಿಸಿದರೆ ಒಂದು ಸ್ಟಾರಿನ ಫ್ಯಾನಿಗೆ 52 ವ್ಯಾಟ್ ಆಸುಪಾಸು ಸಾಕು. ಬೆಲೆ ಶೇ. 8ರಿಂದ 20ರಷ್ಟು ಏರುತ್ತದೆ ಎಂದು ಆಗ ಉದ್ಯಮದವರು ಹೇಳಿದ್ದರು. 1,500ಕ್ಕೆ ಹೆಚ್ಚೆಂದರೆ 300 ರೂಪಾಯಿ. ರಾಯಚೂರಿನ ಮನೆಗೆ ಅದು ಎಂಟೇ ತಿಂಗಳಲ್ಲಿ ಗಿಟ್ಟುತ್ತದೆ.

ಮುಂದಿನ ಮೆಟ್ಟಿಲು ಅಷ್ಟು ಸುಲಭದ್ದಲ್ಲ. ಬ್ರಷ್ ಇಲ್ಲದ ಡಿಸಿ ಮೋಟಾರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಒಂದು ಸ್ಟಾರಿನದಕ್ಕಿಂತ ಸಾವಿರ ರೂಪಾಯಿಗೂ ಮೀರಿ ಹೆಚ್ಚು ಕೊಡಬೇಕು. ಬಿಸಿಲೂರಿನಲ್ಲಿ ಅದು ಎರಡು ಮೂರು ವರ್ಷಕ್ಕೆ ಹಿಂದಿರುಗಿದರೆ, ದಿನಕ್ಕೆ 8 ಗಂಟೆ ಹಾಕುವ ಬೆಂಗಳೂರಿನ ಮನೆಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಅದರ ಸರ್ಕ್ಯೂಟ್ ಬೋರ್ಡು ಸುಟ್ಟರೆ ಬೀದಿಯ ವೈಂಡಿಂಗ್ ಅಂಗಡಿಯಲ್ಲಿ ರಿಪೇರಿಯಾಗದು, ಬೋರ್ಡೇ ಬದಲಾಗಬೇಕು. ವೋಲ್ಟೇಜ್ ಏರಿಳಿಯುವ ಊರಿನವರು ಇದನ್ನೂ ಎಣಿಸಬೇಕು. ಎಲ್ಲ ಸ್ಟಾರೂ ಎಲ್ಲರಿಗೂ ಗಿಟ್ಟುವುದಿಲ್ಲ. ಗೀಸರನ್ನೇ ತೆಗೆದುಕೊಳ್ಳಿ. ಅದರ ಸ್ಟಾರ್ ಅಳೆಯುವುದು ಕಾದ ನೀರು ಟ್ಯಾಂಕಿನಲ್ಲಿ ನಿಂತಾಗ ಸೋರುವ ಶಾಖವನ್ನು. ಸ್ನಾನಕ್ಕೆ ಮುಂಚೆ ಹಾಕಿ, ಆದ ಕೂಡಲೇ ಆರಿಸುವ ಮನೆಗೆ ಅಲ್ಲಿ ಉಳಿಯುವುದು ಅಲ್ಪ. ಹಗಲಿರುಳೂ ಓಡುವ ಫ್ರಿಜ್ಜಿನ ಕತೆ ಬೇರೆ.

ಮಾನದಂಡ ಬಿಗಿ ಮಾಡಿದರೆ ಬೆಲೆ ಏರಿ ಬಡವರಿಗೆ ಹೊರೆಯಾಗುತ್ತದೆ ಎಂಬ ವಾದ ಹಳೆಯದು. ಆದರೆ ಅನುಭವ ಬೇರೆಯೇ ಹೇಳುತ್ತದೆ. ಅಮೆರಿಕದಲ್ಲಿ 1970ರ ದಶಕದ ಫ್ರಿಜ್ಜು ವರ್ಷಕ್ಕೆ ಸುಮಾರು 1,800 ಯೂನಿಟ್ ತಿನ್ನುತ್ತಿತ್ತು. ಕ್ಯಾಲಿಫೋರ್ನಿಯಾ ಮೊದಲು ಕಾನೂನು ತಂದಿತು, 1987ರಲ್ಲಿ ಇಡೀ ದೇಶಕ್ಕೆ ಬಂತು. ಇಂದಿನದು ಅದಕ್ಕಿಂತ ದೊಡ್ಡದು, ತಿನ್ನುವುದು ಮೂರನೇ ಒಂದು ಪಾಲಿಗೂ ಕಡಿಮೆ, ಹಣದುಬ್ಬರ ಕಳೆದು ನೋಡಿದರೆ ಬೆಲೆಯೂ ಇಳಿದಿದೆ. ನಮ್ಮಲ್ಲೇ ಎಲ್ಇಡಿ ಬಲ್ಬಿನ ಸರ್ಕಾರಿ ಸಗಟು ಖರೀದಿ ದರ 2014ರಲ್ಲಿ 310 ರೂಪಾಯಿ ಇದ್ದದ್ದು 2016ಕ್ಕೆ 38ಕ್ಕೆ ಬಂತು. ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಟೆಂಡರ್ ಕರೆದದ್ದೇ ಅದಕ್ಕೆ ಮುಖ್ಯ ಕಾರಣ.

ಕರ್ನಾಟಕದಲ್ಲಿ ಈಗ ಪ್ರಶ್ನೆ ಇನ್ನೊಂದು ತಿರುವು ಪಡೆದಿದೆ. 2023ರಿಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ಸುಮಾರು ಒಂದೂವರೆ ಕೋಟಿ ಮನೆಗಳ ಬಿಲ್ಲನ್ನು ಸರ್ಕಾರವೇ ಕಟ್ಟುತ್ತಿದೆ. ವರ್ಷಕ್ಕೆ ಸುಮಾರು 10,000 ಕೋಟಿ ರೂಪಾಯಿ. ಯೋಜನೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತನ್ನ ಉಚಿತ ಯೂನಿಟ್‌ಗಳ ಮಿತಿಯೊಳಗೇ ಇರುವ ಮನೆಯವರಿಗೆ ಕರೆಂಟ್ ಉಳಿಸಿದರೆ ಒಂದು ಪೈಸೆಯೂ ಸಿಗುವುದಿಲ್ಲ. ಒಳ್ಳೆಯ ಫ್ಯಾನಿಗೆ ಅವರು ಹಣ ಏಕೆ ಹಾಕಿಯಾರು? ಆ ಉಳಿತಾಯ ಈಗ ಸರ್ಕಾರದ್ದು, ಹಾಕುವ ಹಣವೂ ಸರ್ಕಾರದ್ದೇ ಆಗಬೇಕು. ಹಳೆಯ 75 ವ್ಯಾಟಿನ ಫ್ಯಾನಿನ ಜಾಗಕ್ಕೆ 30 ವ್ಯಾಟಿನದು ಬಂದರೆ ಬೊಕ್ಕಸಕ್ಕೆ ವರ್ಷಕ್ಕೆ 540ರಿಂದ 970 ರೂಪಾಯಿ ಉಳಿಯುತ್ತದೆ. ಫ್ಯಾನಿಗೆ ಸಾವಿರ ರೂಪಾಯಿ ಸಹಾಯಧನ ಕೊಟ್ಟರೂ ಎರಡು ವರ್ಷದೊಳಗೆ ವಾಪಸು. ಮನೆಗೆ ಒಂದೇ ಫ್ಯಾನು ಬದಲಾಗಿ, ರಾತ್ರಿ ಅರ್ಧ ಮನೆಗಳಲ್ಲಿ ಮಾತ್ರ ತಿರುಗಿದರೂ ಸುಮಾರು 335 ಮೆಗಾವ್ಯಾಟ್ ಬೇಡಿಕೆ ಇಳಿಯುತ್ತದೆ. ರಾಯಚೂರು ಉಷ್ಣ ಸ್ಥಾವರದ 210 ಮೆಗಾವ್ಯಾಟಿನ ಒಂದೂವರೆ ಘಟಕದಷ್ಟು!

ಹೊಸ ದಾರಿ ಹುಡುಕಬೇಕಿಲ್ಲ. 2015ರಲ್ಲಿ ಇದೇ ರಾಜ್ಯ 'ಹೊಸ ಬೆಳಕು' ಯೋಜನೆಯಲ್ಲಿ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಮೂಲಕ ಎಲ್ಇಡಿ ಬಲ್ಬು ಮಾರಿತ್ತು. ಫ್ಯಾನಿಗೂ ಹಾಗೆಯೇ ಒಟ್ಟು ಟೆಂಡರ್ ಕರೆಯಲಿ, ಸರ್ಕ್ಯೂಟ್ ಬೋರ್ಡಿಗೆ ಐದು ವರ್ಷದ ಗ್ಯಾರಂಟಿ ಬರೆಸಿಕೊಳ್ಳಲಿ, ಜೆಸ್ಕಾಂ ವ್ಯಾಪ್ತಿಯ ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಶುರು ಮಾಡಲಿ. ಹಳೆಯ ಫ್ಯಾನು ತಂದು ಕೊಟ್ಟವರಿಗಷ್ಟೇ ರಿಯಾಯಿತಿ ಇರಲಿ, ಆ ಹಳೆಯದನ್ನು ನೇರ ಗುಜರಿಗೆ ಕಳಿಸಲಿ. ಇಲ್ಲವಾದರೆ ಅದು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿ, ಇನ್ನೊಂದು ಮನೆಯ ಸೂರಿಗೆ ನೇತುಬಿದ್ದು, ಸರ್ಕಾರದ ಬಿಲ್ಲಿನಲ್ಲೇ ಮತ್ತೆ ತಿರುಗತೊಡಗುತ್ತದೆ.