ರೋಗಿಯನ್ನು ಹೊರಗೆ ಕೂರಿಸಿ ಮಾಡುವ ತೀರ್ಮಾನ

ಹೆಬ್ಬಾಳದಿಂದ ಯಲಹಂಕದವರೆಗೆ, ಇತ್ತ ಯಶವಂತಪುರದವರೆಗೆ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಈಗ ಹತ್ತಿರ ಹತ್ತಿರದಲ್ಲೇ ಇವೆ. ಆರ್‌.ಟಿ. ನಗರದವರಷ್ಟೇ ಅಲ್ಲ, ದೇವನಹಳ್ಳಿ, ದೊಡ್ಡಬಳ್ಳಾಪುರ, ಗೌರಿಬಿದನೂರಿನವರೂ ಕಿಮೊಗೆಂದು ಇಲ್ಲಿಗೆ ಬರುತ್ತಾರೆ; ಎಲ್ಲದಕ್ಕೂ ಊರಿನ ಆ ತುದಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಓಡಬೇಕಿದ್ದ ಕಾಲ ಹೋಯಿತು. ಆದರೆ ಕಾಯಿಲೆ ಹರಡಿದೆ ಎಂಬ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನ ನಡೆಯುವುದು ಮಾತ್ರ ಹಳೆಯ ರೀತಿಯಲ್ಲೇ. ರೋಗಿಯನ್ನು ಹೊರಗೆ ಕೂರಿಸಿ ಮಗನೋ ಅಳಿಯನೋ ಭಾವಮೈದುನನೋ ಒಳಗೆ ಹೋಗುತ್ತಾರೆ. ‘ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ’ ಎನ್ನುತ್ತಾರೆ. ಜೀವನವಿಡೀ ಜೊತೆಗೆ ಬಾಳಿದ ಹೆಂಡತಿಯೋ ಗಂಡನೋ ಸಹಿ ಹಾಕಲು ಬೇಕು, ತೀರ್ಮಾನಕ್ಕೆ ಬೇಡ. ಈ ಕ್ರಮ ತಪ್ಪು ಎಂಬುದು ನನ್ನ ವಾದ. ಪೂರ್ತಿ ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್‌ನಲ್ಲಿ ಮುಂದಿನ ಪ್ರತಿ ಚಿಕಿತ್ಸೆಯ ಬಗ್ಗೆಯೂ ಮೊದಲು ಕೇಳಬೇಕಾದ್ದು ರೋಗಿಯನ್ನೇ. ತಮಗೆ ಮಾತಾಡಲು ಆಗದ ದಿನ ತಮ್ಮ ಪರವಾಗಿ ಮಾತಾಡುವವರು ಯಾರೆಂದು ಅವರಿಂದಲೇ ಮುಂಚಿತವಾಗಿ ಬರೆಸಿಡಬೇಕು.

ಹೇಳದೆ ಇದ್ದರೆ ಆಗುವ ನಷ್ಟವೇನು? ಮೊದಲ ನಷ್ಟ, ಗುಣವಾಗುತ್ತದೆಂಬ ತಪ್ಪು ಲೆಕ್ಕದ ಮೇಲೆ ಚಿಕಿತ್ಸೆ ಸಾಗುವುದು. ಅಮೆರಿಕದಲ್ಲಿ, ರೋಗಿಗೆ ಎಲ್ಲವನ್ನೂ ನೇರವಾಗಿ ಹೇಳುತ್ತಾರೆಂದು ನಾವು ಭಾವಿಸುವ ದೇಶದಲ್ಲಿ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಯಿಲೆ ಹರಡಿ ಕಿಮೊ ಪಡೆಯುತ್ತಿದ್ದವರನ್ನು ಮಾತಾಡಿಸಿತು. ಈ ಕಿಮೊದಿಂದ ಕಾಯಿಲೆ ವಾಸಿಯಾಗುವುದಿಲ್ಲ ಎಂಬುದು ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಶೇ 69ರಷ್ಟು, ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಶೇ 81ರಷ್ಟು ಮಂದಿಗೆ ಮನವರಿಕೆಯಾಗಿರಲಿಲ್ಲ. ಬಾಗಿಲು ಮುಚ್ಚಿ ಮಾತಾಡುವ ನಮ್ಮಲ್ಲಿ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿದೆ ಎಂದು ನಂಬಲು ಕಾರಣವಿಲ್ಲ. ಎರಡನೆಯ ನಷ್ಟ, ನೋವು ಮತ್ತು ಉಸಿರಾಟದ ತೊಂದರೆಯನ್ನು ಹತೋಟಿಗೆ ತರುವ ಪ್ಯಾಲಿಯೇಟಿವ್ ಆರೈಕೆ ತಡವಾಗುವುದು. ಸತ್ಯ ಮುಚ್ಚಿಟ್ಟಿರುವ ಮನೆಗೆ ಆ ತಂಡ ಕಾಲಿಡುವುದಾದರೂ ಹೇಗೆ? ‘ಇನ್ನೇನೂ ಮಾಡಲಾಗದು’ ಎಂದಾಗ ಕರೆಯುವ ಸೇವೆ ಅದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನ 151 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಶುರುವಿನಿಂದಲೇ ಈ ಆರೈಕೆ ಸಿಕ್ಕವರ ದಿನಗಳು ಹೆಚ್ಚು ಸಹನೀಯವಾಗಿದ್ದವು. ಕೊನೆಗಾಲದ ತೀವ್ರ ಚಿಕಿತ್ಸೆಗೆ ಒಳಗಾದವರು ಅವರಲ್ಲಿ ಕಡಿಮೆ. ಆದರೂ ಅವರು ಬದುಕಿದ ಮಧ್ಯಮ ಅವಧಿ 11.6 ತಿಂಗಳು, ಉಳಿದವರದು 8.9 ತಿಂಗಳು. 2015ರ ಮತ್ತೊಂದು ಅಧ್ಯಯನ ಇನ್ನೂ ಕಹಿಯಾದುದನ್ನು ಹೇಳಿತು: ಓಡಾಡಿಕೊಂಡು ಗಟ್ಟಿಯಾಗಿದ್ದವರಿಗೂ ಕೊನೆಯ ತಿಂಗಳುಗಳಲ್ಲಿ ಕೊಟ್ಟ ಕಿಮೊ ಅಂತಿಮ ವಾರದ ಬದುಕನ್ನು ಹದಗೆಡಿಸಿತ್ತು.

ಇದು ಕಿಮೊ ಬೇಡವೆನ್ನುವ ವಾದವಲ್ಲ. ನಾಲ್ಕನೇ ಸ್ಟೇಜ್ ಎಂದರೆ ಎಲ್ಲರಿಗೂ ಒಂದೇ ಅರ್ಥವಲ್ಲ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಹರಡಿದ್ದರೂ ಮಾತ್ರೆಗಳ ಮೇಲೆ ವರ್ಷಗಟ್ಟಲೆ ಬದುಕುವವರಿದ್ದಾರೆ. ಎಲುಬಿಗೆ ಹಬ್ಬಿದ ಗಡ್ಡೆಯ ನೋವನ್ನು ಒಂದೇ ಸಲದ ರೇಡಿಯೇಷನ್ ಬಹಳಷ್ಟು ಇಳಿಸಬಲ್ಲದು. ಆದ್ದರಿಂದಲೇ ಯಾವುದು ಎಷ್ಟು ಕೊಡುತ್ತದೆ, ಎಷ್ಟು ಕಸಿಯುತ್ತದೆ ಎಂಬ ಮಾತುಕತೆ ಬೇಕು. ಎರಡು ತಿಂಗಳು ಹೆಚ್ಚಿಗೆ ಸಿಗಬಹುದು, ಆದರೆ ಅದರಲ್ಲಿ ಅರ್ಧ ವಾರ್ಡಿನಲ್ಲೇ ಕಳೆಯುತ್ತದೆ ಎಂದಾಗ ಒಬ್ಬರು ‘ಬೇಕು, ಮೊಮ್ಮಗುವಿನ ಮುಖ ನೋಡಬೇಕು’ ಎನ್ನಬಹುದು, ಇನ್ನೊಬ್ಬರು ‘ಸಾಕು, ಮನೆಗೆ ಕರ್ಕೊಂಡ್ ಹೋಗಿ’ ಎನ್ನಬಹುದು. ಎರಡೂ ಸರಿ. ತೂಗಬೇಕಾದವರು ಯಾರೆಂಬುದಷ್ಟೇ ಪ್ರಶ್ನೆ.

ಕಾನೂನಿನಲ್ಲಿ ಇದಕ್ಕೆ ಉತ್ತರ ಎಂದೋ ಸಿಕ್ಕಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ತಿಳಿವಳಿಕೆಯುಳ್ಳ ವಯಸ್ಕ ರೋಗಿಯ ಬದಲು ತಾಯಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸಂವಿಧಾನ ಪೀಠವು, ಚೇತರಿಕೆಯ ಭರವಸೆ ಇಲ್ಲದಾಗ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. ಆಗ ಹಾಕಿದ್ದ ಷರತ್ತುಗಳು ಕೋರ್ಟಿಗೆ ಅಲೆಸುವಂತಿದ್ದವು. 2023ರ ಜನವರಿಯಲ್ಲಿ ಅವು ಸಡಿಲವಾದವು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಬರೆದಿಟ್ಟರೂ, ಚಿಕಿತ್ಸೆ ಮುಂದುವರಿಸುವುದು ವ್ಯರ್ಥವೇ ಎಂಬುದನ್ನು ವೈದ್ಯರ ಎರಡು ಮಂಡಳಿಗಳು ಒಂದಾದ ಮೇಲೊಂದು ನೋಡಿ ಹೇಳಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರ ಸುತ್ತೋಲೆಯಿಂದ ಈ ವ್ಯವಸ್ಥೆಯನ್ನು ರಾಜ್ಯದಲ್ಲಿ ಜಾರಿಗೆ ತಂದಿತು. ಅಂದು ಸುದ್ದಿಯಾದದ್ದು ‘ದಯಾಮರಣ’ ಎಂಬ ತಲೆಬರಹದಲ್ಲಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋತ ದೇಹವನ್ನು ವೆಂಟಿಲೇಟರ್‌ನಿಂದ ಬಿಡಿಸುವುದು ಯಾವಾಗ, ಯಾರ ಮಾತಿನ ಮೇಲೆ ಎಂಬುದಷ್ಟೇ ಇದರ ವಿಷಯ.

ಆಕ್ಷೇಪಗಳಿಗೆ ಬರೋಣ. ಹೇಳಿದರೆ ಎದೆಗುಂದಿ ಬೇಗ ಹೋಗಿಬಿಡುತ್ತಾರೆ ಎಂಬುದು ಎಲ್ಲರ ಭಯ. ಅದು ಪ್ರೀತಿಯಿಂದ ಹುಟ್ಟಿದ ಭಯ, ಹಗುರವಾಗಿ ನೋಡಬಾರದು. ಆದರೆ ಕಿಮೊ ವಾರ್ಡಿನಲ್ಲಿ ಕೂದಲು ಉದುರಿದವರ ನಡುವೆ ಮಲಗಿ ಎದ್ದು ಬರುವವರಿಗೆ ತಮ್ಮ ಕಾಯಿಲೆ ಏನೆಂದು ಗೊತ್ತಿಲ್ಲವೆನ್ನುವುದು ನಮ್ಮ ಭ್ರಮೆ. ಮನೆಯವರೂ ವೈದ್ಯರೂ ಸೇರಿ ಸತ್ಯ ಮುಚ್ಚಿಡುವ ಈ ಒಳಒಪ್ಪಂದದ ಬಗ್ಗೆ ನಮ್ಮದೇ ಊರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಅಂಥವರು ಬಹಳ ಹಿಂದೆಯೇ ಬರೆದಿದ್ದಾರೆ. ಗಂಡನಿಗೆ ಗೊತ್ತು, ಹೆಂಡತಿಗೂ ಗೊತ್ತು. ಒಬ್ಬರಿಗೊಬ್ಬರು ಗೊತ್ತಿಲ್ಲದವರಂತೆ ನಟಿಸುತ್ತಾರೆ. ಬ್ಯಾಂಕಿನ ನಾಮಿನಿ, ಸೈಟಿನ ಪತ್ರ, ಮಗಳ ಮದುವೆ, ಹಳೆಯ ಮುನಿಸು, ಮಾತಾಡಬೇಕಾದ ಎಲ್ಲವೂ ಉಳಿದುಹೋಗುತ್ತದೆ. ಹೇಳುವುದೆಂದರೆ ಮುಖಕ್ಕೆ ಹೊಡೆದಂತೆ ತಿಂಗಳ ಲೆಕ್ಕ ಒಪ್ಪಿಸುವುದೂ ಅಲ್ಲ. ‘ನಿಮಗೆಷ್ಟು ತಿಳಿಯಬೇಕು?’ ಎಂದು ಕೇಳಬಹುದು. ‘ನನಗೇನೂ ಹೇಳ್ಬೇಡಿ, ನಮ್ಮನೆಯವರನ್ನೇ ಕೇಳಿ’ ಎಂದು ರೋಗಿಯೇ ಹೇಳಿದರೆ ಅದೂ ಅವರ ತೀರ್ಮಾನವೇ. ಕೇಳದೆ ಊಹಿಸುವುದು ಬೇರೆ.

ನಮ್ಮಲ್ಲಿ ತೀರ್ಮಾನ ಮಾಡುವುದು ಕುಟುಂಬ, ಒಬ್ಬೊಂಟಿ ವ್ಯಕ್ತಿಯಲ್ಲ ಎಂಬುದು ಇನ್ನೊಂದು ಮಾತು. ಒಪ್ಪೋಣ. ಆದರೆ ಕುಟುಂಬದಲ್ಲಿ ರೋಗಿಯೂ ಒಬ್ಬರಲ್ಲವೇ? ವಾಸ್ತವದಲ್ಲಿ ‘ಕುಟುಂಬ’ ಎಂದರೆ ಬಿಲ್ ಕಟ್ಟುವವರು ಎಂದಾಗಿಬಿಡುತ್ತದೆ. ಗಂಡನಿಗೆ ಎಷ್ಟು ತುತ್ತು ಇಳಿಯಿತು, ರಾತ್ರಿ ಎಷ್ಟು ಹೊತ್ತಿಗೆ ನೋವೆಂದು ಎದ್ದರು ಎಂಬುದು ತಿಳಿದಿರುವುದು ಹೆಂಡತಿಗೆ; ಐಸಿಯುಗೆ ಸೇರಿಸಬೇಕೇ ಎಂದು ಫೋನಿನಲ್ಲಿ ಹೇಳುವವನು ಬೇರೆ ದೇಶದಲ್ಲಿರುವ ಮಗ.

ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪ ಮೂರನೆಯದು. ಕಾಯಿಲೆ ಹೆಂಡತಿಯದಾದಾಗ, ಕೇಳಿದ ಕೂಡಲೇ ಆಕೆ ‘ನನಗೋಸ್ಕರ ಸಾಲ ಮಾಡ್ಬೇಡಿ’ ಎಂದುಬಿಡುತ್ತಾಳೆ. ಬದುಕಿನುದ್ದಕ್ಕೂ ಕೊನೆಗೆ ಉಂಡವಳು ಚಿಕಿತ್ಸೆಯಲ್ಲೂ ತನ್ನ ಪಾಲು ಬಿಟ್ಟುಕೊಡುತ್ತಾಳೆ. ‘ಅವಳ ಇಷ್ಟ’ ಎಂದು ಮನೆಯವರು ಹಗುರಾಗುತ್ತಾರೆ. ಈ ಅಪಾಯ ನಿಜ. ಅದಕ್ಕೆ ಪರಿಹಾರ ಕೇಳದಿರುವುದಲ್ಲ, ಸರಿಯಾಗಿ ಕೇಳುವುದು. ಹಣದ ಸಂಗತಿಯನ್ನು ಮೊದಲು ಮೇಜಿನ ಮೇಲಿಡಬೇಕು: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಉಳಿದವರಿಗೆ ಪ್ಯಾಕೇಜಿನ ಶೇ 30ರಷ್ಟು. ಆಮೇಲೆ, ಗಂಡನೂ ಮಕ್ಕಳೂ ಹೊರಗಿರುವಾಗ ವೈದ್ಯರು ಆಕೆಯೊಬ್ಬಳನ್ನೇ ಕೂರಿಸಿ ಕೇಳಬೇಕು. ವೈದ್ಯರ ಆ ಎರಡು ಮಂಡಳಿಗಳ ಕಾವಲು ಇರುವುದೂ, ಆಸ್ತಿಯ ಆಸೆಗೆ ಯಾರೋ ಚಿಕಿತ್ಸೆ ನಿಲ್ಲಿಸಿಬಿಟ್ಟಾರು ಎಂಬ ಭಯಕ್ಕಾಗಿಯೇ.

ಚಿಕಿತ್ಸೆ ಬೇಡವೆಂದವರಿಗೆ ಹೋಗಲು ಜಾಗವಾದರೂ ಇರಬೇಕು. ಮಾರತ್ತಹಳ್ಳಿ ಸಮೀಪದ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಆದರೆ ಯಲಹಂಕದ ಮನೆಗೆ ಅದು ದೂರ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗವಿದೆ. ಕ್ಯಾನ್ಸರ್ ವಿಭಾಗ ತೆರೆದಿರುವ ಪ್ರತಿ ಆಸ್ಪತ್ರೆಯೂ ಮನೆಗೆ ಹೋಗಿ ನೋಡುವ ದಾದಿಯನ್ನು, ಮಾರ್ಫಿನ್ ಮಾತ್ರೆಯನ್ನು ಒದಗಿಸಬೇಕೆಂದು ಸರ್ಕಾರ ಕಡ್ಡಾಯ ಮಾಡಬೇಕು; ಮಾರ್ಫಿನ್ ಸಿಗದಂತೆ ಮಾಡಿದ್ದ ಕಾನೂನಿನ ತೊಡಕುಗಳು 2014ರ ತಿದ್ದುಪಡಿಯಲ್ಲೇ ಸಡಿಲವಾಗಿವೆ. ಮೊದಲ ಸಾಲಿನ ಕಿಮೊ ಫಲ ಕೊಡದೆ ಎರಡನೆಯದು ಶುರುವಾಗುವ ಮುನ್ನ ರೋಗಿ, ಸಂಗಾತಿ, ವೈದ್ಯರು ಮೂವರೂ ಒಟ್ಟಿಗೆ ಕೂರುವ ಒಂದು ಅರ್ಧ ಗಂಟೆಯನ್ನು ಚಿಕಿತ್ಸೆಯ ಭಾಗವೆಂದೇ ಪರಿಗಣಿಸಲಿ, ಬೇಕಿದ್ದರೆ ಅದಕ್ಕೂ ಫೀಸ್ ತೆಗೆದುಕೊಳ್ಳಲಿ. ತಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅಂದೇ ಬರೆಸಲು ಹಿಂಜರಿಯುವವರಿಗೆ ಹೇಳಬೇಕಾದ್ದಿಷ್ಟು: ಬರೆದದ್ದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು, ಹಿಂಪಡೆಯಬಹುದು, ತಮ್ಮ ತೀರ್ಮಾನ ತಾವೇ ಹೇಳಬಲ್ಲಷ್ಟು ದಿನ ಆ ಕಾಗದಕ್ಕೆ ಕೆಲಸವಿಲ್ಲ, ರೋಗಿಯ ಮಾತೇ ನಡೆಯುತ್ತದೆ.